ಮುಂಬಯಿ–ಕರಾಚಿ ಕಾನ್ಸುಲೇಟ್ ಮಾತುಕತೆ

ಭಾರತ ಮತ್ತು ಪಾಕಿಸ್ತಾನದ ನಡುವಿನ ಓಡಾಟಕ್ಕೆ 1948ರಲ್ಲಿ ಪರವಾನಗಿ ಪದ್ಧತಿಯೂ 1952ರ ಅಕ್ಟೋಬರ್‌ನಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ನಿಯಮವೂ ಬಂದವು. 1971ರ ಯುದ್ಧದಲ್ಲಿ ರಾಜತಾಂತ್ರಿಕ ಸಂಬಂಧ ಕಡಿದುಹೋಯಿತು. 1974ರ ಸೆಪ್ಟೆಂಬರ್‌ನಲ್ಲಿ ವೀಸಾ ಒಪ್ಪಂದವಾಗಿ, 1976ರಲ್ಲಿ ಸಂಬಂಧ ಮರಳಿ ಕೂಡಿತು. ಅನಂತರ ಕರಾಚಿಯಲ್ಲಿ ಭಾರತದ, ಮುಂಬಯಿಯಲ್ಲಿ ಪಾಕಿಸ್ತಾನದ ಕಾನ್ಸುಲೇಟ್‌ಗಳು ನಡೆದವು.

ಕರಾಚಿಯ ಗಲಭೆಗಳಲ್ಲಿ ಭಾರತದ ಕೈವಾಡವಿದೆಯೆಂದು ಆರೋಪಿಸಿದ ಪಾಕಿಸ್ತಾನ 1994ರ ಡಿಸೆಂಬರ್‌ನಲ್ಲಿ ಅಲ್ಲಿನ ಭಾರತೀಯ ಕಾನ್ಸುಲೇಟ್ ಮುಚ್ಚುವಂತೆ ಸೂಚಿಸಿತು. ಮುಂಬಯಿಯಲ್ಲೂ ಪಾಕಿಸ್ತಾನದ ಕಚೇರಿ ಉಳಿಯಲಿಲ್ಲ. ಪೆಟ್ಟು ಬಿದ್ದದ್ದು ವಿಭಜನೆಯಲ್ಲಿ ಒಡೆದ ಕುಟುಂಬಗಳಿಗೆ. ಭಾರತದಿಂದ ವಲಸೆ ಹೋದ ಅನೇಕರು ನೆಲೆಸಿದ್ದು ಕರಾಚಿಯಲ್ಲಿ. ಅವರು ವೀಸಾಕ್ಕಾಗಿ ಸಾವಿರ ಕಿ.ಮೀ.ಗೂ ಹೆಚ್ಚು ದೂರದ ಇಸ್ಲಾಮಾಬಾದ್ ಹೈಕಮಿಷನ್ನಿನ ಬಾಗಿಲಿಗೆ ಹೋಗಬೇಕಾಯಿತು.

2004ರ ಜೂನ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿಗಳು ಎರಡೂ ಕಾನ್ಸುಲೇಟ್ ಮತ್ತೆ ತೆರೆಯಲು ತಾತ್ವಿಕವಾಗಿ ಒಪ್ಪಿದರು. 2005ರ ಏಪ್ರಿಲ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಮತ್ತು ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಅವರ ಜಂಟಿ ಹೇಳಿಕೆ ಆ ವರ್ಷದ ಅಂತ್ಯದ ಗಡುವನ್ನೇ ಹಾಕಿತು. ಆಗ ಎದುರಾದ ಮುಖ್ಯ ತೊಡಕು ಮುಂಬಯಿಯ ಒಂದು ಬಂಗಲೆ. ಮಲಬಾರ್ ಹಿಲ್‌ನಲ್ಲಿ ಪಾಕಿಸ್ತಾನದ ಸಂಸ್ಥಾಪಕ ಜಿನ್ನಾ 1930ರ ದಶಕದಲ್ಲಿ ಕಟ್ಟಿಸಿದ ಮನೆ ಅದು. 1980ರ ದಶಕದ ಆರಂಭದವರೆಗೆ ಬ್ರಿಟಿಷ್ ಡೆಪ್ಯುಟಿ ಹೈಕಮಿಷನರ್ ಅಲ್ಲಿದ್ದರು. ಕಾನ್ಸುಲೇಟಿಗೆ ಅದೇ ಬೇಕೆಂದು ಪಾಕಿಸ್ತಾನ ಕೇಳುತ್ತ ಬಂದಿತ್ತು, ಭಾರತ ಕೊಡಲೊಪ್ಪಲಿಲ್ಲ. 2007ರಲ್ಲಿ ಜಿನ್ನಾ ಅವರ ಮಗಳು ದೀನಾ ವಾಡಿಯಾ ಆ ಆಸ್ತಿ ತಮಗೆ ಸೇರಬೇಕೆಂದು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ವೀಸಾ ಕಿಟಕಿ ಎಲ್ಲಿ ತೆರೆಯಬೇಕೆಂಬ ಆಡಳಿತದ ಪ್ರಶ್ನೆ ಹೀಗೆ ಚರಿತ್ರೆಯ ಜಗಳದಲ್ಲಿ ಸಿಕ್ಕಿಬಿತ್ತು. ಎರಡು ಕಚೇರಿಗಳೂ ಪರಸ್ಪರತೆಯ ನಿಯಮಕ್ಕೆ ಕಟ್ಟುಬಿದ್ದಿದ್ದರಿಂದ, ಮುಂಬಯಿಯಲ್ಲಿ ನಿಂತದ್ದು ಕರಾಚಿಯಲ್ಲೂ ನಿಂತಿತು. ಅಷ್ಟರಲ್ಲಿ 2006ರ ಫೆಬ್ರುವರಿಯಲ್ಲಿ ಮುನಾಬಾವ್–ಖೋಖ್ರಾಪಾರ್ ರೈಲು ಓಡತೊಡಗಿತ್ತು. ರಾಜಸ್ಥಾನ ಮತ್ತು ಸಿಂಧ್ ನಡುವೆ ರೈಲು ಬಂದರೂ, ಸಿಂಧಿನಲ್ಲಿ ವೀಸಾ ಕೊಡುವ ಭಾರತದ ಕಚೇರಿ ಇರಲಿಲ್ಲ.

2008ರ ಮುಂಬಯಿ ದಾಳಿ ಮಾತುಕತೆಯನ್ನೇ ನಿಲ್ಲಿಸಿತು. 2012ರ ಸೆಪ್ಟೆಂಬರ್ 8ರಂದು ಇಸ್ಲಾಮಾಬಾದಿನಲ್ಲಿ ವಿದೇಶಾಂಗ ಸಚಿವ, ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಮತ್ತು ಪಾಕಿಸ್ತಾನದ ಒಳಾಡಳಿತ ಸಚಿವ ರೆಹಮಾನ್ ಮಲಿಕ್ ಸಹಿ ಹಾಕಿದ ಹೊಸ ಒಪ್ಪಂದ ವೀಸಾ ನಿಯಮಗಳನ್ನು ಸಡಿಲಿಸಿತು. 65 ದಾಟಿದವರಿಗೆ ಅಟ್ಟಾರಿ–ವಾಘಾ ಗಡಿಯಲ್ಲೇ 45 ದಿನದ ವೀಸಾ ಕೊಡುವ ಅವಕಾಶವೂ ಅದರಲ್ಲಿತ್ತು. ಕಾನ್ಸುಲೇಟ್‌ಗಳು ಮಾತ್ರ ತೆರೆಯಲಿಲ್ಲ.

ಮುಂದೆ ರಾಜಧಾನಿಗಳ ಕಚೇರಿಗಳೇ ಕುಗ್ಗಿದವು. 2020ರ ಜೂನ್‌ನಲ್ಲಿ ಹೈಕಮಿಷನ್‌ಗಳ ಸಿಬ್ಬಂದಿಯನ್ನು 110ರಿಂದ 55ಕ್ಕೆ, 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ 30ಕ್ಕೆ ಇಳಿಸಲಾಯಿತು. ಭಾರತ ಪಾಕಿಸ್ತಾನೀಯರಿಗೆ ವೀಸಾ ಸೇವೆಯನ್ನೂ ನಿಲ್ಲಿಸಿತು.