ಮಾರ್ಷಲ್ ಆಕ್ರಮಣ

ಚದುರಂಗದ ರೂಯ್ ಲೋಪೆಜ್ ಓಪನಿಂಗ್‌ನಲ್ಲಿ ಕಪ್ಪು ಕಾಯಿಯ ಆಟಗಾರ ಒಂದು ಪದಾತಿಯನ್ನು ಬಲಿಕೊಟ್ಟು ಬಿಳಿಯ ರಾಜನ ಮೇಲೆ ಏರಿಹೋಗುವ ವಿಧಾನ. ಅಮೆರಿಕದ ಚಾಂಪಿಯನ್ ಫ್ರಾಂಕ್ ಮಾರ್ಷಲ್ (1877–1944) ಹೆಸರು ಇದಕ್ಕೆ ಅಂಟಿಕೊಂಡದ್ದು ಆತ ಸೋತ ಆಟದಿಂದ.

ಇಬ್ಬರ ಕ್ಯಾಸ್ಲಿಂಗ್ ಮುಗಿದ ಮೇಲೆ, ಎಂಟನೆಯ ನಡೆಯಲ್ಲಿ ಕಪ್ಪು ತನ್ನ ರಾಣಿಯ ಮುಂದಿನ ಪದಾತಿಯನ್ನು ಎರಡು ಮನೆ ನೂಕುತ್ತದೆ. ಹೊಡೆದಾಟ ಮುಗಿಯುವಾಗ ಬಿಳಿಗೆ ಒಂದು ಪದಾತಿ ಲಾಭ. ಆದರೆ ಅದರ ರಾಣಿಯ ಬದಿಯ ಆನೆ, ಕುದುರೆ, ಒಂಟೆ ಇನ್ನೂ ಜಾಗ ಬಿಟ್ಟಿರುವುದಿಲ್ಲ. ರಾಜನನ್ನು ಕಾಯಬೇಕಿದ್ದ ಕುದುರೆಯೂ ಹೋಗಿರುತ್ತದೆ. ಕಪ್ಪಿಗೆ ಬೇಕಾದದ್ದು ಈ ಬಿಡುವೇ.

1918ರ ಅಕ್ಟೋಬರ್ 23ರಂದು ನ್ಯೂಯಾರ್ಕ್ ಟೂರ್ನಿಯಲ್ಲಿ ಮಾರ್ಷಲ್ ಇದನ್ನು ಕ್ಯೂಬಾದ ಕಾಪಾಬ್ಲಾಂಕಾ ಮೇಲೆ ಪ್ರಯೋಗಿಸಿದ. ಮನೆಯಲ್ಲಿ ಕೂತು ಹೊಸೆದು ತಂದ ದಾಳಿ ತನಗಾಗಿ ಕಾದಿದೆಯೆಂದು ಕಾಪಾಬ್ಲಾಂಕಾ ಊಹಿಸಿದ್ದ. ಆದರೂ ಪದಾತಿಯನ್ನು ಹೊಡೆದ. ಮಾರ್ಷಲ್ ಕುದುರೆಯನ್ನೂ ಒಡ್ಡಿ ನುಗ್ಗಿದರೆ, ಈತ ಬೋರ್ಡಿನ ಮುಂದೆಯೇ ಒಂದೊಂದಾಗಿ ಉತ್ತರ ಹುಡುಕುತ್ತ 36ನೆಯ ನಡೆಗೆ ಗೆದ್ದ. ರಕ್ಷಣೆಯ ಆಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

1909ರಲ್ಲಿ ಕಾಪಾಬ್ಲಾಂಕಾ ಎದುರು 8–1ರಿಂದ ಸೋತಿದ್ದ ಮಾರ್ಷಲ್ ಈ ಅಸ್ತ್ರವನ್ನು ಒಂಬತ್ತು ವರ್ಷ ಮುಚ್ಚಿಟ್ಟಿದ್ದನೆಂಬ ಕಥೆಯನ್ನು ಪುಸ್ತಕಗಳು ಇಂದಿಗೂ ಬಿಡದೆ ಹೇಳುತ್ತವೆ. ಸೊಗಸಾದ ಕಥೆ, ಆಧಾರ ಮಾತ್ರ ತೆಳು. ಇಂಥದೇ ಬಲಿ 1893ರಲ್ಲೇ ಹವಾನಾದಲ್ಲಿ ಕಾಣಿಸಿಕೊಂಡಿತ್ತು.

ಸೋಲಿನೊಂದಿಗೆ ಈ ವಿಧಾನ ಮೂಲೆ ಸೇರಲಿಲ್ಲ. 1918ರ ಆಟದ ಹನ್ನೊಂದನೆಯ ನಡೆಯಲ್ಲಿ ಮಾರ್ಷಲ್ ನಡುವಿನ ಕುದುರೆಯನ್ನು ಹಿಂದೆ ಸರಿಸಿದ್ದು ದಾಳಿಯ ಬಿರುಸನ್ನು ತಗ್ಗಿಸಿತ್ತು. ಮುಂದೆ ಆತ ಕುದುರೆಯನ್ನು ಅಲ್ಲೇ ನಿಲ್ಲಿಸಿ, ಪಕ್ಕದ ಪದಾತಿಯಿಂದ ಅದಕ್ಕೆ ಆಸರೆ ಕೊಡುವ ದಾರಿ ಹಿಡಿದ. ಈಗ ಎಲ್ಲರೂ ಆಡುವುದು ಅದನ್ನೇ. ವಿಶ್ವ ಪಟ್ಟದ ಸವಾಲುಗಾರನನ್ನು ಆರಿಸುವ 1965ರ ಕ್ಯಾಂಡಿಡೇಟ್ಸ್ ಫೈನಲ್‌ನಲ್ಲಿ ಸ್ಪಾಸ್ಕಿ ಇದನ್ನು ತಾಲ್ ಎದುರು ಹೂಡಿದ. ದಾಳಿಗೇ ಹೆಸರಾದ ತಾಲ್‌ಗೆ ಇದನ್ನು ಭೇದಿಸಲಾಗಲಿಲ್ಲ. ಕಾಸ್ಪರೋವ್ ಎಂಟನೆಯ ನಡೆಯಲ್ಲೇ ಅಂಚಿನ ಪದಾತಿಯನ್ನು ಮುಂದಿಟ್ಟು ಇದನ್ನು ತಪ್ಪಿಸಿಕೊಳ್ಳುವ ಮಾರ್ಗವನ್ನು ಮೆಚ್ಚುತ್ತಿದ್ದ.

2004ರ ವಿಶ್ವ ಚಾಂಪಿಯನ್‌ಷಿಪ್‌ನ ಎಂಟನೆಯ ಆಟದಲ್ಲಿ, ಸ್ವಿಟ್ಜರ್ಲೆಂಡಿನ ಬ್ರಿಸಾಗೊದಲ್ಲಿ, 1918ರ ಸನ್ನಿವೇಶ ತಿರುಗುಮುರುಗಾಯಿತು. ಕಂಪ್ಯೂಟರ್ ನೆರವಿನಿಂದ ಸಿದ್ಧವಾಗಿ ಬಂದಿದ್ದವನು ಬಿಳಿಯ ಕ್ರಾಮ್ನಿಕ್. ಆ ಸಿದ್ಧತೆಯ ತೂತನ್ನು ಹಂಗೆರಿಯ ಪೀಟರ್ ಲೆಕೊ ಬೋರ್ಡಿನ ಮೇಲೆಯೇ ಕಂಡುಹಿಡಿದು ಕಪ್ಪಿನಿಂದ ಗೆದ್ದ. ಪಂದ್ಯ 7–7ರಲ್ಲಿ ಮುಗಿದು ಪಟ್ಟ ಕ್ರಾಮ್ನಿಕ್ ಬಳಿಯೇ ಉಳಿಯಿತು.