ಕಿವಿಗೂ ಒಂದು ಇತಿಹಾಸ ಇದೆ

ಯಾಕುಬ್ ಯೂಜೆಫ್ ಒರ್ಲಿನ್‌ಸ್ಕಿ ಅಂತ ಪೋಲೆಂಡಿನ ಒಬ್ಬ ಗಾಯಕ ಇದ್ದಾನೆ. 2017ರಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಲ್ಲಿ ಶಾರ್ಟ್ಸ್ ಹಾಕ್ಕೊಂಡು ನಿಂತು ವಿವಾಲ್ಡಿಯ ‘ಜುಸ್ತೀನೊ’ ಆಪೆರಾದ ಒಂದು ಹಾಡು ಹಾಡಿದ. ಆ ವಿಡಿಯೋವನ್ನು ಲಕ್ಷಾಂತರ ಜನ ನೋಡಿದ್ದಾರೆ. ಆಳು ಬ್ರೇಕ್‌ಡ್ಯಾನ್ಸ್ ಮಾಡುವ ಗಟ್ಟಿಮುಟ್ಟು ಹುಡುಗ. ಬಾಯಿ ತೆರೆದರೆ ಬರೋದು ಹೆಂಗಸರ ಶ್ರುತಿಯ ದನಿ. ನಾನು ಇದನ್ನು ಯಾರಿಗೆ ಕೇಳಿಸಿದರೂ ಹೆಚ್ಚುಕಮ್ಮಿ ಒಂದೇ ಥರ ಆಗುತ್ತೆ. ಮೊದಲು ನಗು, ಆಮೇಲೆ “ಹಾಡ್ತಿರೋದು ಇವನೇನಾ?” ಅನ್ನೋ ಅನುಮಾನ, ಕೊನೆಗೆ ಮೌನ.

ಇಂಥ ಗಾಯಕರಿಗೆ ಕೌಂಟರ್‌ಟೆನರ್ ಅಂತ ಹೆಸರು. ಮಾತಾಡುವಾಗ ಇವರದ್ದೂ ಮಾಮೂಲಿ ಗಂಡುದನಿಯೇ. ಹಾಡುವಾಗ ಧ್ವನಿತಂತುಗಳ ಅಂಚು ಮಾತ್ರ ಕಂಪಿಸುವ ‘ಫಾಲ್ಸೆಟೊ’ವನ್ನು ವರ್ಷಗಟ್ಟಲೆ ಪಳಗಿಸಿಕೊಂಡಿರುತ್ತಾರೆ. ಆದರೆ ಇವರು ಇವತ್ತು ಹಾಡುವ ಬರೋಕ್ ಆಪೆರಾದ ಎಷ್ಟೋ ನಾಯಕ ಪಾತ್ರಗಳನ್ನು ಬರೆದದ್ದು ಕ್ಯಾಸ್ಟ್ರಾಟೊಗಳಿಗೆ. ಅಂದರೆ, ದನಿ ಒಡೆಯುವ ಮುಂಚೆಯೇ ಬೀಜ ತೆಗೆಸಿಕೊಂಡ ಹುಡುಗರಿಗೆ. ಅವರ ಮೈ ಬೆಳೆಯುತ್ತಿತ್ತು, ಧ್ವನಿಪೆಟ್ಟಿಗೆ ಮಾತ್ರ ಚಿಕ್ಕದಾಗಿಯೇ ಉಳಿಯುತ್ತಿತ್ತು.

1724ರಲ್ಲಿ ಲಂಡನ್ನಿನಲ್ಲಿ ಹ್ಯಾಂಡೆಲನ ‘ಜೂಲಿಯೊ ಚೇಸರೆ’ ರಂಗಕ್ಕೆ ಬಂದಾಗ ಸೀಸರನಾಗಿ ಹಾಡಿದ್ದು ಸೆನೆಸೀನೊ ಎಂಬ ಕ್ಯಾಸ್ಟ್ರಾಟೊ. ರೋಮಿನ ದಂಡನಾಯಕನಿಗೆ ಇಷ್ಟು ತೆಳುದನಿಯಾ ಅಂತ ನಮಗೆ ಅನ್ನಿಸಬಹುದು. ಆ ಕಾಲದ ಆಪೆರಾದಲ್ಲಿ ವೀರರು, ರಾಜರು ಹಾಡುತ್ತಿದ್ದದ್ದೇ ಎತ್ತರದ ದನಿಯಲ್ಲಿ. ಹತ್ತು ವರ್ಷದ ಮೇಲೆ ಫರಿನೆಲ್ಲಿ ಲಂಡನ್ನಿಗೆ ಬಂದ. ಅವನ ಹಾಡು ಕೇಳಿ ಮೈಮರೆತ ಹೆಂಗಸೊಬ್ಬಳು, ದೇವರೂ ಒಬ್ಬನೇ, ಫರಿನೆಲ್ಲಿಯೂ ಒಬ್ಬನೇ ಅಂತ ಕೂಗಿದಳಂತೆ. ಚಿತ್ರಕಾರ ಹೋಗಾರ್ತ್ 1735ರ ತನ್ನ ಮುದ್ರಿತ ಚಿತ್ರವೊಂದರಲ್ಲಿ ಈ ಹುಚ್ಚನ್ನೇ ಗೇಲಿ ಮಾಡಿದ. ಮೆಚ್ಚುಗೆ, ಗೇಲಿ ಎರಡೂ ಆಗಲೇ ಜೊತೆಜೊತೆಗೇ ಇದ್ದವು.

ಆದರೆ ಆ ಚಪ್ಪಾಳೆಯ ಬೆಲೆ ತೆತ್ತವರು ಯಾರು? ಎಷ್ಟೋ ಇಟಾಲಿಯನ್ ಹುಡುಗರು. ಫರಿನೆಲ್ಲಿಯಂತೆ ಹೆಸರು ಮಾಡಿದವರು ಕೆಲವೇ ಮಂದಿ. ಉಳಿದವರ ಪಾಲಿಗೆ ಬಂದದ್ದು ಮಾಸದ ಗಾಯವೊಂದೇ. ಕತ್ತಿ ಹಿಡಿದದ್ದು ಬೇರೆಯವರೇ ಇರಬಹುದು, ಆದರೆ ಹಾಗೊಂದು ದನಿ ಬೇಕು ಅಂದದ್ದು ಕೇಳುಗರ ಕಿವಿ. ಕ್ಯಾಸ್ಟ್ರಾಟೊ ಅಲೆಸಾಂಡ್ರೊ ಮೊರೆಸ್ಕಿ 1902 ಮತ್ತು 1904ರಲ್ಲಿ ರೋಮಿನಲ್ಲಿ ಹಾಡಿದ ಧ್ವನಿಮುದ್ರಣಗಳು ಈಗಲೂ ಸಿಗುತ್ತವೆ. ಅದನ್ನು ಕೇಳುವಾಗ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋ ಮಾತೇ ನನ್ನ ಬಾಯಿಗೆ ಬರೋದಿಲ್ಲ.

ಅಷ್ಟರಲ್ಲಿ ಜನರ ರುಚಿಯೂ ಬದಲಾಗಿತ್ತು. ಗಂಡಸು ಅಂದರೆ ಗಡಸು ದನಿ ಅನ್ನೋದು ಕಿವಿಗಳಲ್ಲಿ ಕೂತುಬಿಟ್ಟಿತ್ತು. 1966ರಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾ ಅದೇ ಸೀಸರನ ಪಾತ್ರವನ್ನು ನಾರ್ಮನ್ ಟ್ರೀಗಲ್ ಎಂಬ ಬಾಸ್-ಬ್ಯಾರಿಟೋನ್ ಗಾಯಕನಿಗೆ ಕೊಟ್ಟಿತು. ಕೌಂಟರ್‌ಟೆನರ್ ದನಿಯನ್ನು ಕಛೇರಿಗೆ ಮರಳಿ ತಂದ ಇಂಗ್ಲೆಂಡಿನ ಆಲ್ಫ್ರೆಡ್ ಡೆಲ್ಲರ್ ಬಗ್ಗೆ ಒಂದು ಕಥೆ ಹೇಳ್ತಾರೆ. ಒಬ್ಬ ಹೆಂಗಸು ಬಂದು “ನೀವು ಯೂನಕ್ ಅಲ್ವಾ?” ಅಂದಳಂತೆ. ನಪುಂಸಕನಾ ಅಂತ ನೇರವಾಗಿಯೇ ಕೇಳಿದ್ದು. ಡೆಲ್ಲರ್ ಶಾಂತವಾಗಿ, “ಯುನೀಕ್ ಅನ್ನೋಕೆ ಹೋಗಿ ಹಾಗಂದ್ರಿ ಅನ್ಸುತ್ತೆ, ಮೇಡಂ” ಅಂದನಂತೆ. ಕಥೆ ನಿಜವೋ ಕಟ್ಟಿದ್ದೋ, ಆ ಕಾಲದ ಕೇಳುಗರ ಮನಸ್ಸಲ್ಲಿ ಏನಿತ್ತು ಅನ್ನೋದನ್ನಂತೂ ಹೇಳುತ್ತೆ.

ಹೆಂಗಸರು ರಂಗ ಹತ್ತುವಂತಿರದ ರೋಮಿನಲ್ಲಿ 1730ರಲ್ಲಿ ವಿಂಚಿಯ ‘ಅರ್ತಸೆರ್ಸೆ’ ಮೊದಲ ಪ್ರದರ್ಶನ ಕಂಡಿತ್ತು. 2012ರಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ ಅದನ್ನು ಮತ್ತೆ ಆಡಿದಾಗ ಹೆಣ್ಣುಪಾತ್ರಗಳೂ ಸೇರಿ ಐದು ಪಾತ್ರಗಳನ್ನು ಐವರು ಕೌಂಟರ್‌ಟೆನರ್‌ಗಳು ಹಾಡಿದರು. ಆ ಸಂಗೀತ ಇವತ್ತು ನಮಗೆ ಕತ್ತಿಯಿಲ್ಲದೆ ಸಿಗುತ್ತಿದೆ. ಕ್ಯಾಸ್ಟ್ರಾಟೊಗಳ ದನಿ ಹೀಗೇ ಇತ್ತು ಅಂತ ಯಾರೂ ಹೇಳಲಾರರು. ಹೀಗೇ ಇರಬೇಕು ಅಂತ ಹಟ ಹಿಡಿಯದಿರುವುದೇ ಕೇಳುಗರಾಗಿ ನಾವು ಕಲಿತ ಪಾಠ ಅಂತ ನನಗನ್ನಿಸುತ್ತೆ. ಮೊದಲ ಸಲ ಕೇಳಿ ನಗು ಬಂದರೆ ಬರಲಿ ಬಿಡಿ. ಹಾಡನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡಿ.