ಎಲ್.ಎಂ.ಪಿ. ಡಾಕ್ಟರರೂ ಪರವಾನಗಿ ಪರೀಕ್ಷೆಯೂ

ಹಳ್ಳಿಯ ಹಿರಿಯರು ‘ಎಲ್ಲೆಂಪಿ ಡಾಕ್ಟ್ರು’ ಎನ್ನುವುದನ್ನು ನೀವು ಕೇಳಿರಬಹುದು. ವಿಶ್ವವಿದ್ಯಾನಿಲಯದ ಪದವಿಯಿಲ್ಲದೆ, ಮೆಡಿಕಲ್ ಸ್ಕೂಲಿನಲ್ಲಿ ಸುಮಾರು ನಾಲ್ಕು ವರ್ಷ ಕಲಿತು, ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು ವೃತ್ತಿಗಿಳಿದವರು ಇವರು. ವೈದ್ಯನಾಗಲು ಎಷ್ಟು ಓದಬೇಕು, ರೋಗಿಯ ಬಳಿ ನಿಂತು ಎಷ್ಟು ಕಲಿಯಬೇಕು ಎಂಬ ಹಳೆಯ ವಾದದ ನಡುವೆ ಇವರ ಕಥೆ ಸಿಕ್ಕಿಕೊಂಡಿದೆ.

ಇಂಗ್ಲೆಂಡಿನ 1815ರ ಅಪೋಥೆಕರಿ ಕಾಯಿದೆಯ ಪ್ರಕಾರ, ಐದು ವರ್ಷ ಒಬ್ಬ ಅನುಭವಿಯ ಬಳಿ ಶಿಷ್ಯನಾಗಿ ದುಡಿದವನು ಮಾತ್ರ ಪರೀಕ್ಷೆಗೆ ಕೂರಬಹುದಿತ್ತು. ಮೊದಲು ಕೆಲಸ, ಆಮೇಲೆ ಪರೀಕ್ಷೆ. 1858ರ ಕಾಯಿದೆ ಅರ್ಹರ ಹೆಸರುಗಳನ್ನು ಒಂದೇ ನೋಂದಣಿ ಪಟ್ಟಿಗೆ ತಂದಿತು. ಆ ಪದ್ಧತಿಯೇ ಮುಂದೆ ನಮ್ಮಲ್ಲಿಗೂ ಬಂತು. ಕನ್ನಡನಾಡು ಆಗ ಹಂಚಿಹೋಗಿದ್ದರಿಂದ ಕಾನೂನೂ ಹಲವು: ಧಾರವಾಡ, ಬೆಳಗಾವಿಗಳಿಗೆ 1912ರ ಮುಂಬಯಿ ಕಾಯಿದೆ, ಮಂಗಳೂರಿಗೆ 1914ರ ಮದರಾಸು ಕಾಯಿದೆ, ಮೈಸೂರು ಸಂಸ್ಥಾನಕ್ಕೆ 1931ರ ತನ್ನದೇ ಕಾಯಿದೆ. ಇವೆಲ್ಲ ಒಂದಾದದ್ದು ಏಕೀಕರಣದ ನಂತರ, 1961ರಲ್ಲಿ. ಸಂಸ್ಥಾನದಲ್ಲಿ ಪದವಿ ಶಿಕ್ಷಣ ಕೊಟ್ಟ ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಮೈಸೂರಿಗೆ ಹೋದದ್ದು 1930ರಲ್ಲಿ.

1933ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆ ಪದವೀಧರರನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಎಲ್.ಎಂ.ಪಿ.ಗಳಿಗೆ ಇದು ದೊಡ್ಡ ಅವಮಾನ. ಏಕೆಂದರೆ ಸಂಖ್ಯೆಯಲ್ಲಿ ಅವರೇ ಹೆಚ್ಚು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಪ್ರಕಾರ, ಬ್ರಿಟಿಷ್ ಇಂಡಿಯಾದ ಸುಮಾರು 47,500 ನೋಂದಾಯಿತ ವೈದ್ಯರಲ್ಲಿ ಸುಮಾರು 30,000 ಮಂದಿ ಎಲ್.ಎಂ.ಪಿ. ತರಗತಿಯವರು. ಆದರೂ ಸಮಿತಿ, ಇನ್ನು ಮುಂದೆ ಒಂದೇ ಬಗೆಯ ವೈದ್ಯ, ಒಂದೇ ಪದವಿ ಸಾಕೆಂದಿತು. ಕೆಲವು ಸದಸ್ಯರು ಒಪ್ಪಲಿಲ್ಲ. ವೈದ್ಯರ ಕೊರತೆಯಿರುವ ದೇಶಕ್ಕೆ ಬೇಗ ತಯಾರಾಗುವವರೂ ಬೇಕೆಂದು ಭಿನ್ನಮತ ಬರೆದರು.

ಯಾರು ಸರಿ? ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಹೋಬಳಿಯಲ್ಲಿ ನಿಂತು ಯೋಚಿಸಿ. ಅಂಥ ಊರಿನ ವೈದ್ಯನ ಮುಂದೆ ಒಂದೇ ದಿನ ಹಾವು ಕಡಿದವನೂ, ಬಸುರಿಯೂ, ಜ್ವರದ ಮಗುವೂ ಬರಬಹುದು. ‘ಇದು ನನ್ನ ವಿಭಾಗವಲ್ಲ’ ಎನ್ನುವಂತಿಲ್ಲ. ಕಡಿಮೆ ಕಲಿತ ವೈದ್ಯ ಹಳ್ಳಿಗೆ ಸಾಕು ಎಂಬುದು ಅನ್ಯಾಯವೇ ಸರಿ. ಆದರೆ ಹೆಚ್ಚು ಕಲಿತವರು ಹಳ್ಳಿಗೆ ಬರುವ ಏರ್ಪಾಡು ಆಗುವ ಮೊದಲೇ ಎಲ್.ಎಂ.ಪಿ. ಶಾಲೆಗಳು ಮುಚ್ಚಿದವು, ಅಥವಾ ಕಾಲೇಜುಗಳಾದವು. ಭಿನ್ನಮತದವರ ಮಾತಿನಲ್ಲಿ ಹುರುಳಿತ್ತು ಎಂದೇ ನನ್ನ ಎಣಿಕೆ.

ಅದೇ ಸಮಿತಿ, ಪ್ರತಿ ವೈದ್ಯ ವಿದ್ಯಾರ್ಥಿಗೂ ರೋಗ ತಡೆಯುವ ಮತ್ತು ಸಮಾಜದ ಆರೋಗ್ಯ ಕಾಯುವ ವಿದ್ಯೆಯಲ್ಲಿ ಮೂರು ತಿಂಗಳ ತರಬೇತಿ ಬೇಕೆಂದಿತ್ತು. 2021ರ ನಿಯಮದಲ್ಲಿಯೂ ಒಂದು ವರ್ಷದ ಇಂಟರ್ನ್‌ಷಿಪ್ಪಿನ ಹನ್ನೆರಡು ವಾರಗಳು ಸಮುದಾಯ ವೈದ್ಯಕ್ಕೆ ಮೀಸಲು. ತೊಡಕು ಇರುವುದು ಇಲ್ಲಿಯೇ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಓದು ಇದೇ ವರ್ಷದ ಮೇಲೆ ಬೀಳುತ್ತದೆ. ನಾಡಿ ಹಿಡಿಯಬೇಕಾದ ಹೊತ್ತಿನಲ್ಲಿ ಕೈಯಲ್ಲಿ ಬಹು ಆಯ್ಕೆ ಪ್ರಶ್ನೆಗಳ ಪುಸ್ತಕ!

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ ಪರವಾನಗಿಗೂ ಸ್ನಾತಕೋತ್ತರ ಪ್ರವೇಶಕ್ಕೂ ‘ನೆಕ್ಸ್ಟ್’ ಎಂಬ ಒಂದೇ ಪರೀಕ್ಷೆಯನ್ನು ವಿಧಿಸಿತು. 2023ರ ಜೂನ್‌ನಲ್ಲಿ ಬಂದ ನಿಯಮಾವಳಿ ಅದನ್ನು ಎರಡು ಹಂತ ಮಾಡಿತು: ಲಿಖಿತ ಭಾಗ ಇಂಟರ್ನ್‌ಷಿಪ್ಪಿಗೆ ಮೊದಲು, ಪ್ರಾಯೋಗಿಕ ಭಾಗ ಅದು ಮುಗಿದ ಮೇಲೆ. ನಡುವಿನ ವರ್ಷವನ್ನು ಪುಸ್ತಕದಿಂದ ಬಿಡಿಸಿ ರೋಗಿಗೆ ಮರಳಿಸಬಲ್ಲ ಏರ್ಪಾಡು ಅದು. 1815ರ ಕ್ರಮಕ್ಕೆ ಅಷ್ಟರಮಟ್ಟಿಗೆ ಹತ್ತಿರ. ಮರುತಿಂಗಳೇ ಪರೀಕ್ಷೆಯನ್ನು ಮುಂದೂಡಲಾಯಿತು.